ಚನ್ನಪಟ್ಟಣದ ಮರದ ಲೇಖನಿ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಸುಮಾರು ೬೦ ಕಿಲೋಮೀಟರು ಹೋದರೆ ಚನ್ನಪಟ್ಟಣವು ಸಿಕ್ಕುವುದು. ೨೦೨೩ರಲ್ಲಿ ತೆರೆದ ಹೊಸ ಹೆದ್ದಾರಿಯು ಊರನ್ನು ಒಂದು ಮಗ್ಗುಲಿಗೆ ಬಿಟ್ಟು ಹೊರಗಿನಿಂದಲೇ ಸಾಗುವುದರಿಂದ, ಕಾರಿನಲ್ಲಿ ಹೋಗುವವರಲ್ಲಿ ಅನೇಕರು ಈಗ ಈ ಊರನ್ನು ಕಾಣದೆಯೇ ಮೈಸೂರನ್ನು ಸೇರುತ್ತಾರೆ. ನಾವು ಅವಸರವಿಲ್ಲದವರಾದುದರಿಂದ ರೈಲನ್ನು ಹಿಡಿದೆವು. ರಾಮನಗರದ ಬೋಳು ಬಂಡೆಗಳ ಬೆಟ್ಟಗಳು ಒಂದೊಂದಾಗಿ ಹಿಂದೆ ಸರಿದು, ತೆಂಗಿನ ತೋಟಗಳೂ ಹಿಪ್ಪುನೇರಳೆಯ ಹೊಲಗಳೂ ಕಣ್ಣಿಗೆ ಬೀಳತೊಡಗಿದರೆ ಊರು ಹತ್ತಿರವಾಯಿತೆಂದು ತಿಳಿಯಬೇಕು.

ಸುತ್ತಮುತ್ತ ನೋಡತಕ್ಕ ಸ್ಥಳಗಳು ಕೆಲವಿವೆ. ದೊಡ್ಡಮಳೂರಿನ ಅಪ್ರಮೇಯಸ್ವಾಮಿಯ ದೇವಾಲಯದಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣನಿದ್ದಾನೆ. ಸಂತಾನವನ್ನು ಬೇಡಿ ಹರಕೆ ಹೊತ್ತವರು ಅಲ್ಲಿ ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುವರು. ಅಬ್ಬೂರಿನಲ್ಲಿ ವ್ಯಾಸರಾಯರ ಗುರುಗಳಾದ ಬ್ರಹ್ಮಣ್ಯತೀರ್ಥರ ಬೃಂದಾವನವುಂಟು. ಎರಡು ಕಡೆಯೂ ಕೈಮುಗಿದು ಬಂದೆವು. ಅವುಗಳ ವರ್ಣನೆಯನ್ನು ಇಲ್ಲಿ ಬೆಳೆಸುವುದಿಲ್ಲ; ನಾವು ಹೋದದ್ದು ಲೇಖನಿಯೊಂದನ್ನು ಮಾಡಿಸುವುದಕ್ಕೆ.

ನಮಗೆ ಕಾವ್ಯ ವ್ಯಾಕರಣಗಳನ್ನು ಹೇಳಿಕೊಟ್ಟ ಗುರುಗಳಿಗೆ ಸಹಸ್ರಚಂದ್ರದರ್ಶನ ಶಾಂತಿಯು ನಡೆಯುವುದಿತ್ತು. ಶಿಷ್ಯರೆಲ್ಲರೂ ಸೇರಿ ಏನನ್ನಾದರೂ ಸಮರ್ಪಿಸಬೇಕೆಂದು ಗೊತ್ತುಮಾಡಿದಾಗ ಒಬ್ಬರು ಶಾಲು ಎಂದರು, ಒಬ್ಬರು ಬೆಳ್ಳಿಯ ತಟ್ಟೆ ಎಂದರು. ಪರದೇಶದಲ್ಲಿರುವ ಒಬ್ಬರು ಚಿನ್ನದ ಮುಲಾಮಿನ ಪೆನ್ನನ್ನು ಕಳುಹಿಸುವೆನೆಂದರು. ಆದರೆ ಗುರುಗಳ ಕೈ ಎರಡು ವರ್ಷಗಳಿಂದ ನಡುಗುತ್ತಿತ್ತು. ತಮ್ಮ ತೀರ್ಥರೂಪರು ಬರೆದಿಟ್ಟ ವ್ಯಾಖ್ಯಾನವೊಂದರ ಹಾಳೆಗಳು ಹುಳು ಹಿಡಿದು ಪುಡಿಯಾಗುತ್ತಿರಲು, ಅವರು ಅದನ್ನು ಪ್ರತಿಮಾಡತೊಡಗಿ ಅರ್ಧಕ್ಕೆ ನಿಂತುಬಿಟ್ಟಿದ್ದರು. ಆ ಹಳೆಯ ಅಕ್ಷರವನ್ನು ಬಿಡಿಸಿ ಓದಬಲ್ಲವರು ಅವರೊಬ್ಬರೇ. ಮತ್ತೊಬ್ಬರಿಂದ ಬರೆಯಿಸೋಣವೆಂದರೆ, “ತಂದೆಯ ಋಣವನ್ನು ಬಾಡಿಗೆಯ ಕೈಯಿಂದ ತೀರಿಸುವುದೇ?” ಎನ್ನುವರು. ಅಂಗಡಿಯ ತೆಳ್ಳನೆಯ ಪೆನ್ನು ಅವರ ಬೆರಳುಗಳ ನಡುವೆ ನಿಲ್ಲುತ್ತಿರಲಿಲ್ಲ. ದಪ್ಪನಾಗಿ, ಹಗುರವಾಗಿ, ಜಾರದಂತೆ ಮರದಲ್ಲಿ ಒಂದನ್ನು ಮಾಡಿಸಿ ನೋಡಬಾರದೇಕೆ ಎಂದು ಸೂಚಿಸಿದವಳು ನಮ್ಮ ಸೊಸೆ.

ಚನ್ನಪಟ್ಟಣದ ಕೆಲಸಕ್ಕೆ ಮುಖ್ಯವಾಗಿ ಒದಗುವುದು ಹಾಲೆಯ ಮರ. ಅಲ್ಲಿಯವರ ಬಾಯಲ್ಲಿ ಆಲೆಮರ. ಗೀರಿದರೆ ಹಾಲು ಒಸರುವುದು. ಒಳಗಿನ ತಿರುಳು ದಂತದಂತೆ ಬೆಳ್ಳಗೆ, ನಯವಾಗಿ, ಎಳೆ ಕಾಣದಷ್ಟು ಸಮವಾಗಿರುವುದು. ಸಂಸ್ಕೃತದಲ್ಲಿ ಇದನ್ನು ಶ್ವೇತಕುಟಜವೆನ್ನುವರು. ಮೇಘದೂತದಲ್ಲಿ ಯಕ್ಷನು ಮೋಡಕ್ಕೆ ಅರ್ಘ್ಯವಾಗಿ ಅರ್ಪಿಸುವುದು ಕುಟಜದ ಹೂಗಳನ್ನು. ಆ ಗಿಡವು ಇದಕ್ಕೆ ಹತ್ತಿರದ ದಾಯಾದಿ. ಪಾಠ ಹೇಳುವಾಗ ಕೋಶವನ್ನು ನೋಡಿ ಅರ್ಥ ಕೊಟ್ಟ ಪದವು ಇಲ್ಲಿ ತುಂಡುತುಂಡಾಗಿ ಗೋಡೆಗೆ ಒರಗಿರುವುದನ್ನು ಕಂಡು ನಮಗೆ ಸೋಜಿಗವೂ ಸಂತೋಷವೂ ಆಯಿತು. ಹಸಿಯ ಮರವನ್ನು ಕಡೆದರೆ ಒಣಗುವಾಗ ಸೀಳು ಬಿಡುವುದು. ಆದಕಾರಣ ತುಂಡುಗಳನ್ನು ಗಾಳಿಯಾಡುವಂತೆ ನೆರಳಿನಲ್ಲಿ ಎರಡು ಮೂರು ತಿಂಗಳು ಒಟ್ಟಿಟ್ಟಿರುವರು.

ಈ ಕಸಬು ಟಿಪ್ಪೂ ಸುಲ್ತಾನನ ಕಾಲದಲ್ಲಿ ಪಾರಸೀಕ ಕುಶಲಿಗಳಿಂದ ಬಂದಿತೆಂದು ಊರಿನವರು ಹೇಳುವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಪಾನಿನ ಕ್ರಮಗಳನ್ನು ಇಲ್ಲಿ ಬಳಕೆಗೆ ತಂದವರೆಂದು ಬಾವಾಸ್ ಮಿಯಾ ಅವರನ್ನು ಇಂದಿಗೂ ಗೌರವದಿಂದ ಸ್ಮರಿಸುವುದುಂಟು. ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮನ್ನಣೆಯೂ ೨೦೦೫-೦೬ರ ಸುಮಾರಿನಲ್ಲಿ ದೊರೆಯಿತು. ಲೇಖನಿಯನ್ನು ಕೈಯಿಂದ ಕಡೆಯುವುದಂತೂ ನಮ್ಮ ದೇಶಕ್ಕೆ ಹೊಸದಲ್ಲ. ರಾಜಮಹೇಂದ್ರಿಯ ರತ್ನಂ ಅವರು ಎಬೊನೈಟಿನಲ್ಲಿ ಕಡೆದ ಸ್ವದೇಶೀ ಪೆನ್ನು ೧೯೩೫ರಲ್ಲಿಯೇ ಗಾಂಧೀಜಿಯವರ ಮೆಚ್ಚುಗೆಯನ್ನು ಪಡೆದಿತ್ತು.

ನಾವು ಹುಡುಕಿಕೊಂಡು ಹೋದ ಕುಶಲಿಯು ಎಪ್ಪತ್ತರ ಹತ್ತಿರದ ಸಾಹೇಬರು. ಮನೆಯ ಮುಂಭಾಗವೇ ಕಾರ್ಖಾನೆ. ವಿದ್ಯುತ್ತಿನಿಂದ ತಿರುಗುವ ಲೇತಿನ ಮುಂದೆ ಅವರ ಮಗಳು ಕುಳಿತು ಗಿಲಕಿಗಳನ್ನು ಕಡೆಯುತ್ತಿದ್ದಳು. ಮೂಲೆಯಲ್ಲಿ ಬಿಲ್ಲಿನ ಹುರಿಯಿಂದ ಎಳೆದು ತಿರುಗಿಸುವ ಹಳೆಯ ಕಡೆಚಲು ಇತ್ತು. ಗುರುಗಳ ಸಂಗತಿಯನ್ನೆಲ್ಲ ಕೇಳಿದ ಮೇಲೆ ಸಾಹೇಬರು ಬಣ್ಣ ಯಾವುದೆಂದು ಕೇಳಲಿಲ್ಲ, ಬೆಲೆಯನ್ನೂ ಹೇಳಲಿಲ್ಲ. “ಮೇಷ್ಟ್ರೇ, ನಿಮ್ಮ ಯಜಮಾನರ ಕೈ ನಾನು ನೋಡಿಲ್ಲವಲ್ಲ” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆಯಲ್ಲಿ ಚಪಾತಿಗೆ ಹಿಟ್ಟು ಕಲಸುತ್ತಾರಲ್ಲ, ಅದನ್ನೇ ಗಟ್ಟಿಯಾಗಿ ನಾದಿ, ಬತ್ತಿಯಂತೆ ಹೊಸೆದು ಅವರ ಕೈಗೆ ಕೊಡಿ. ಬರೆಯುವಂತೆ ಹಿಡಿಯಲಿ. ಒಣಗಿಸಿ ತನ್ನಿ” ಎಂದರು.

ಹಾಗೆಯೇ ಮಾಡಿದೆವು. ಗುರುಪತ್ನಿಯವರು ಕಲಸಿದ ಗೋಧಿಹಿಟ್ಟನ್ನು ಗುರುಗಳು ನಗುನಗುತ್ತ ಹಿಡಿದರು. ಕಾರಣವನ್ನು ಅವರಿಗೆ ತಿಳಿಸಲಿಲ್ಲ. ಒಣಗಿದ ಹಿಟ್ಟಿನಲ್ಲಿ ಹೆಬ್ಬೆರಳು ಆಳವಾಗಿ ಊರಿತ್ತು, ತೋರುಬೆರಳು ತೇಲಿತ್ತು, ನಡುಬೆರಳಿನ ಗುರುತು ಎರಡೆರಡಾಗಿ ಬಿದ್ದಿತ್ತು. ಎರಡನೆಯ ಸಲ ಹೋಗಿ ಅದನ್ನು ಕೈಗಿತ್ತಾಗ ಸಾಹೇಬರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ವೈದ್ಯರು ನಾಡಿ ನೋಡುವಾಗಲೂ ಅಷ್ಟು ಗಮನವಿಡುವುದನ್ನು ನಾವು ಅಪರೂಪವಾಗಿ ಕಂಡಿದ್ದೇವೆ.

ಕೆಲಸದ ಕ್ರಮವನ್ನು ವಾಚಕರು ತಿಳಿಯಬೇಕು. ಒಣಗಿದ ತುಂಡನ್ನು ಚೌಕವಾಗಿ ಕೊಯ್ದು ಮೊದಲು ಬೈರಿಗೆಯಿಂದ ನಡುವೆ ಉದ್ದಕ್ಕೂ ರಂಧ್ರವನ್ನು ಕೊರೆಯುವರು. ಹೊರಮೈಯನ್ನು ಮೊದಲು ಕಡೆದು ಆಮೇಲೆ ಕೊರೆಯಹೋದರೆ ಬೈರಿಗೆಯು ಕೂದಲೆಳೆಯಷ್ಟು ಓರೆಯಾದರೂ ಒಂದು ಕಡೆಯ ಗೋಡೆ ತೆಳುವಾಗಿ ಮುಂದೆ ಅಲ್ಲಿಯೇ ಬಿರಿಯುವುದು. ರಂಧ್ರವನ್ನೇ ಅಕ್ಷವಾಗಿ ಮಾಡಿಕೊಂಡು ಸುತ್ತ ಕಡೆದರೆ ಎಲ್ಲೆಡೆಯೂ ದಪ್ಪವು ಸಮವಾಗುವುದು. ಲೇತು ತಿರುಗುತ್ತಿರುವಾಗ ಉಳಿಯನ್ನು ಸೋಕಿಸಿದರೆ ಬಿಳಿಯ ಸುರುಳಿಗಳು ಮಲ್ಲಿಗೆಯ ಎಸಳಿನಂತೆ ಉದುರುವುವು. ಸಾಹೇಬರು ಎರಡು ಮೂರು ಸಲ ನಿಲ್ಲಿಸಿ, ಕಣ್ಣುಮುಚ್ಚಿ, ಮರವನ್ನು ತಮ್ಮ ಬೆರಳುಗಳಲ್ಲಿ ಹಿಡಿದು ನೋಡಿ, ಮತ್ತೆ ಕಡೆದರು. ಹಿಡಿಯುವ ಜಾಗವು ಹೆಬ್ಬೆರಳಿನಷ್ಟು ದಪ್ಪವಾಗಿ ಉಳಿಯಿತು. ಅಲ್ಲಿ ಉಳಿಯ ಮೊನೆಯಿಂದ ಒತ್ತೊತ್ತಾಗಿ ಸಣ್ಣ ಬಳೆಗಳನ್ನು ಕೊರೆದು, ಉಪ್ಪುಕಾಗದದಿಂದ ಉಜ್ಜಿದರು.

ಇನ್ನು ಅರಗು. ಭಾರತವನ್ನು ಕೇಳಿದವರಿಗೆ ಅರಗೆಂದೊಡನೆ ಅರಗಿನ ಮನೆಯೇ ನೆನಪಾಗುವುದು. ಬೇಗನೆ ಕರಗುವ ಆ ಗುಣವೇ ಇಲ್ಲಿ ಉಪಕಾರಕ. ಮುತ್ತುಗ, ಬೋರೆ ಮೊದಲಾದ ಮರಗಳ ರೆಂಬೆಗಳಲ್ಲಿ ಕೂಡುವ ಸಣ್ಣ ಕೀಟಗಳು ಒಸರಿಸುವ ಅಂಟೇ ಅರಗು. ಝಾರ್ಖಂಡ, ಛತ್ತೀಸಗಢಗಳ ಕಡೆ ಇದು ಹೆಚ್ಚಾಗಿ ದೊರೆಯುವುದು. ಅದನ್ನು ಕಾಯಿಸಿ, ಬಣ್ಣವನ್ನು ಬೆರೆಸಿ, ನಾದಿ, ಕಡ್ಡಿಗಳಾಗಿ ಎಳೆದಿಟ್ಟುಕೊಂಡಿರುವರು. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡ, ಹೀಗೆ ಸಸ್ಯಗಳ ಬಣ್ಣವನ್ನೇ ಬಳಸುವ ಪದ್ಧತಿಯೂ ಇದೆ. ತಿರುಗುವ ಮರಕ್ಕೆ ಈ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಕಾವಿಗೆ ಅರಗು ತಾನಾಗಿ ಕರಗಿ ಮೈಗೆ ಹತ್ತುವುದು. ಬೆಂಕಿಯೂ ಬೇಡ, ಕುಂಚವೂ ಬೇಡ. ಅನಂತರ ಒಣಗಿದ ಕೇದಗೆಯ ಗರಿಯನ್ನು ಮಡಿಸಿ ಒತ್ತುವರು. ಅರಗು ಸಮವಾಗಿ ಹರಡಿ, ಕ್ಷಣದಲ್ಲಿ ಕನ್ನಡಿಯ ಹೊಳಪು ಏರುವುದು. ಗುರುಗಳ ಲೇಖನಿಗೆ ಕಾವಿಯ ಬಣ್ಣವನ್ನು ಹೇಳಿದೆವು. ಹಿಡಿಯುವ ಜಾಗದ ಬಳೆಗಳ ಮೇಲೆ ಮಾತ್ರ ಹೊಳಪು ಹೆಚ್ಚಾಗದಂತೆ ಸಾಹೇಬರು ತೆಳುವಾಗಿ ಸವರಿದರು.

ಅಂಗಡಿಯಲ್ಲಿ ಮಾರುವ ಮರದ ಪೆನ್ನುಗಳಿಗೆ ಸಾಮಾನ್ಯವಾಗಿ ರೀಫಿಲ್ಲನ್ನು ಸೇರಿಸಿರುವರು. ಅದನ್ನು ಕಾಗದಕ್ಕೆ ಒತ್ತಿ ಬರೆಯಬೇಕು. ನಡುಗುವ ಕೈಗೆ ಒತ್ತುವುದೇ ಕಷ್ಟ. ಆದ್ದರಿಂದ ನಾವು ಬೆಂಗಳೂರಿನಿಂದ ಲೋಹದ ನಿಬ್ಬನ್ನೂ ಮಸಿಯ ಕೊಳವೆಯನ್ನೂ ಕೊಂಡೊಯ್ದಿದ್ದೆವು. ಮಸಿಯನ್ನು ನೇರವಾಗಿ ಮರದ ಹೊಟ್ಟೆಗೆ ತುಂಬಿದರೆ ಮರವು ಹೀರಿ ಉಬ್ಬುವುದು. ಕೊಳವೆಯೊಳಗಿದ್ದರೆ ಆ ಭಯವಿಲ್ಲ.

ಹೆಸರನ್ನು ಕೆತ್ತಿಸುವ ವಿಚಾರವಾಗಿ ಎರಡು ಮಾತು. ಈಗ ಕಿರಣದಿಂದ ಸುಟ್ಟು ಅಕ್ಷರ ಮೂಡಿಸುವ ಯಂತ್ರಗಳು ಬಂದಿವೆ. ಕೊಟ್ಟವರ ಹೆಸರು, ಸಂಘದ ಹೆಸರು, ಸಮಾರಂಭದ ತಾರೀಖು, ಎಲ್ಲವನ್ನೂ ಒಂದು ಗೇಣಿನೊಳಗೆ ತುರುಕಿದ ಕಾಣಿಕೆಯ ಪೆನ್ನುಗಳು ನಮ್ಮಲ್ಲಿಯೇ ನಾಲ್ಕಾರು ಬಿದ್ದಿವೆ, ಒಂದೂ ಬರೆಯುವುದಿಲ್ಲ. ಶಿಷ್ಯವರ್ಗದಲ್ಲಿ ಕೆಲವರಿಗೆ ತಮ್ಮೆಲ್ಲರ ಹೆಸರೂ ಇರಬೇಕೆಂಬ ಆಸೆಯಿತ್ತು. ಹನ್ನೊಂದು ಹೆಸರುಗಳು! ನಾವು ಒಪ್ಪಲಿಲ್ಲ.

ಸಾಹೇಬರ ಗಂಡುಮಕ್ಕಳಿಬ್ಬರೂ ಬಿಡದಿಯ ಕಾರ್ಖಾನೆಗಳಿಗೆ ಹೋಗುತ್ತಾರೆ. ತಿಂಗಳಿಗೆ ಸರಿಯಾಗಿ ಸಂಬಳ ಬರುವಾಗ ಹೋಗಬೇಡಿರೆಂದು ಹೇಳುವ ಧೈರ್ಯ ಯಾರಿಗುಂಟು? ಉಳಿದವಳು ಮಗಳು, ಆಕೆಯ ಕೈ ತಂದೆಯ ಕೈಗಿಂತ ಚುರುಕೆಂದು ತಂದೆಯೇ ಹೇಳಿದರು. ಇಂತಹ ವಸ್ತುಗಳನ್ನು ಕೊಳ್ಳುವಾಗ ಚೌಕಾಸಿ ಮಾಡುವ ಗೃಹಸ್ಥರು ಪೇಟೆಯ ದೊಡ್ಡ ಮಳಿಗೆಯಲ್ಲಿ ತುಟಿಬಿಚ್ಚದೆ ಹಣ ಎಣಿಸುವುದನ್ನು ನೋಡಿದರೆ ನಮಗೆ ಬೇಸರವಾಗುತ್ತದೆ.

ಕೊಂಡವರು ಒಂದು ಎಚ್ಚರವನ್ನು ವಹಿಸಬೇಕು. ಅರಗು ಸ್ಪಿರಿಟ್ಟಿನಲ್ಲಿ ಕರಗುವುದು. ಕೈಗೆ ಹಚ್ಚಿಕೊಳ್ಳುವ ಕ್ರಿಮಿನಾಶಕ ದ್ರವಗಳಲ್ಲಿ ಅದೇ ಇರುವುದರಿಂದ, ಒದ್ದೆಗೈಯಲ್ಲಿ ಹಿಡಿದರೆ ಬಣ್ಣವು ಬೆರಳಿಗೆ ಅಂಟುವುದು. ಬಿಸಿ ಲೋಟದ ಪಕ್ಕದಲ್ಲಿಯೂ ಸುಡುಬಿಸಿಲಿನಲ್ಲಿಯೂ ಇಡಬಾರದು.

ಶಾಂತಿಯ ದಿನ ಲೇಖನಿಯನ್ನು ಗುರುಗಳ ಪಾದದ ಬಳಿ ಇಟ್ಟೆವು. ಅವರು ಎತ್ತಿಕೊಂಡು, ಬೆರಳುಗಳನ್ನು ಅದರ ಮೇಲೆ ಒಂದೊಂದಾಗಿ ಕೂರಿಸಿ, “ಗೋಧಿಹಿಟ್ಟಿನ ಗುಟ್ಟು ಇದೋ!” ಎಂದರು. ಅಂದು ಬರೆಯಲಿಲ್ಲ. ಹದಿನೈದು ದಿನಗಳ ಮೇಲೆ ಹೋದಾಗ ವ್ಯಾಖ್ಯಾನದ ಪ್ರತಿಯಲ್ಲಿ ಹೊಸ ಹಾಳೆಗಳು ನಾಲ್ಕು ಸೇರಿದ್ದುವು. ಅಕ್ಷರ ದೊಡ್ಡದು, ಸಾಲು ಅಲ್ಲಲ್ಲಿ ಡೊಂಕು, ಆದರೆ ಓದಬಹುದಾಗಿತ್ತು. ದಿನಕ್ಕೆ ಆರೇಳು ಪಂಕ್ತಿಗಳಿಗಿಂತ ಹೆಚ್ಚು ಸಾಗದೆಂದು ಗುರುಪತ್ನಿಯವರು ಹೇಳಿದರು.

ಮಳೆಗಾಲದ ಹೊತ್ತಿಗೆ ಹೆಬ್ಬೆರಳು ಊರುವ ಕಡೆ ಕಾವಿಯು ಮಾಸಿ ಒಳಗಿನ ಬಿಳುಪು ಇಣುಕತೊಡಗಿತು. ಮತ್ತೆ ಬಣ್ಣ ಕೊಡಿಸೋಣವೆಂದು ಚನ್ನಪಟ್ಟಣಕ್ಕೆ ಒಯ್ದೆವು. ಸಾಹೇಬರು ಕನ್ನಡಕವನ್ನು ಏರಿಸಿ ಆ ಜಾಗವನ್ನು ನೋಡಿ, “ಸವೆಯುವಷ್ಟು ಬರೆಯುತ್ತಿದ್ದಾರೆಯೇ?” ಎಂದು ಕೇಳಿದರು. ಹೌದೆಂದೆವು. “ಹಾಗಾದರೆ ಇರಲಿ ಮೇಷ್ಟ್ರೇ. ಈಗ ಹೊಸ ಅರಗು ಹಾಕಿದರೆ ಬೆರಳು ಜಾರುತ್ತದೆ” ಎಂದು ಮಗಳಿಂದ ಕೇದಗೆಯ ಗರಿಯೊಂದನ್ನು ತರಿಸಿ, ಮೇಲ್ಭಾಗವನ್ನಷ್ಟೇ ಎರಡು ಸಲ ಉಜ್ಜಿ, ನಿಬ್ಬಿನ ಮಸಿಯನ್ನು ತಮ್ಮ ಪಂಚೆಯ ಅಂಚಿನಲ್ಲಿ ಒರಸಿ ಕೊಟ್ಟರು. ಹಣವನ್ನು ಮುಟ್ಟಲಿಲ್ಲ. ಮೈಸೂರಿನ ಕಡೆಯಿಂದ ಬರುವ ಸಂಜೆಯ ರೈಲಿಗೆ ಇನ್ನೂ ಅರ್ಧ ಗಂಟೆಯಿತ್ತು. ಮಗಳು ಕಡೆದಿಟ್ಟಿದ್ದ ಗಿಲಕಿಗಳಲ್ಲಿ ಎರಡನ್ನು ಮೊಮ್ಮಗುವಿಗೆಂದು ಕೊಂಡು ನಿಲ್ದಾಣಕ್ಕೆ ನಡೆದೆವು.