ಯಾವ ಕಡೆಯೋರು

ನಾವಿಬ್ಬರೂ ಕಲಬುರಗಿ ಕಡೆಯವರು. ಒಬ್ಬರಿಗೆ ಬ್ಯಾಂಕಿನ ಕೆಲಸ, ಒಬ್ಬರಿಗೆ ನರ್ಸಿನ ಕೆಲಸ. ವರ್ಗವಾಗಿ ಮೈಸೂರಿಗೆ ಬಂದ ಮೇಲೆ ಎರಡು ತಿಂಗಳ ಭಾನುವಾರಗಳೆಲ್ಲ ಮನೆ ಹುಡುಕುವುದಕ್ಕೇ ಹೋದವು. ಊರು ಕೇಳಿದ ಕೂಡಲೇ ಮಾಲೀಕರ ಮುಖ ಅರಳುತ್ತಿತ್ತು. 'ಓ, ಉತ್ತರ ಕರ್ನಾಟಕದೋರಾ? ಲಿಂಗಾಯತ್ರಾ?' ಅಲ್ಲ ಅಂದರೆ ಆಮೇಲೆ ಪ್ರಶ್ನೆಯೇ ಇಲ್ಲ. 'ನಮ್ಮ ಮಗಳು ಬರ್ತಾಳಂತೆ, ಮನೆ ಕೊಡೋ ಯೋಚ್ನೆ ಬಿಟ್ಟಿದೀವಿ.' ಹೀಗೆ ಹನ್ನೊಂದು ಮನೆಗಳ ಹೆಣ್ಣುಮಕ್ಕಳು ನಮ್ಮ ದೆಸೆಯಿಂದ ತವರಿಗೆ ಬಂದರು. ಕೊನೆಗೆ ಮನೆ ಸಿಕ್ಕಿದ್ದು ಅಶೋಕಪುರಂನಲ್ಲಿ, ಹಿಂದೆ ಆದಿಕರ್ನಾಟಕಪುರ ಅಂತ ಕರೆಸಿಕೊಳ್ಳುತ್ತಿದ್ದ ಕೇರಿಯಲ್ಲಿ. ಅಲ್ಲಿ ಅಡ್ವಾನ್ಸ್ ಎಷ್ಟು ಕೊಡ್ತೀರಿ ಅಂತ ಕೇಳಿದರು, ಅಷ್ಟೆ.

ಶಿವರಾತ್ರಿ ಹೊತ್ತಿಗೆ ಭಾನುವಾರಗಳು ನಮ್ಮ ಕೈಗೆ ಬಂದವು. ನಮ್ಮ ಕಡೆ ಆಗಲೇ ಬಿಸಿಲು ನೆತ್ತಿ ಸುಡುತ್ತದೆ. ವಸಂತ ಅನ್ನೋದು ಪದ್ಯದ ಪುಸ್ತಕದಲ್ಲಿ ಓದಿದ ಮಾತು. ಇಲ್ಲಿ ಕಣ್ಣಿಗೇ ಕಂಡಿತು. ಹೊಂಗೆ ಚಿಗುರಿ ಎಳೆ ಹಸಿರಾಗಿ ನಿಂತಿತ್ತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಆರಕ್ಕೆ ನಡೆದರೆ ಮೈಗೆ ತಣ್ಣನೆ ಗಾಳಿ. ಸುಖ ಅನ್ನಿಸಿತು. ಅದನ್ನು ಯಾಕೆ ಮುಚ್ಚಿಡಬೇಕು? ಹೋರಾಟದವರಿಗೆ ಗಾಳಿ ಬೇಡವೆ? ನಮ್ಮ ಅಪ್ಪ ಅವ್ವ ತಿರುಗಾಡಲೆಂದು ಎಲ್ಲಿಗೂ ಹೋದವರಲ್ಲ. ಅವರು ಹೊರಟರೆ ಒಂದೋ ಕೂಲಿಗೆ, ಇಲ್ಲ ಜಾತ್ರೆಗೆ.

ರಂಗನತಿಟ್ಟಿಗೆ ಹೋದೆವು. ಕಾವೇರಿಯ ನಡುಗಡ್ಡೆಗಳ ಮೇಲೆ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡಿದ್ದವು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ್ದಕ್ಕೆ 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿದರಂತೆ. ಹಕ್ಕಿಗಳಿಗೆ ಮೀಸಲು ಜಾಗ ಕೊಟ್ಟದ್ದಕ್ಕೆ ಯಾರೂ ಹೊಟ್ಟೆ ಉರಿದುಕೊಂಡದ್ದು ನಾವು ಕೇಳಿಲ್ಲ. ಇನ್ನೊಂದು ವಾರ ಕನ್ನಂಬಾಡಿ. 1911ರಲ್ಲಿ ಶುರುವಾದ ಆ ಕಟ್ಟೆ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಸಿಮೆಂಟಲ್ಲ, ಸುಣ್ಣ ಸುರ್ಕಿಯ ಗಾರೆ. ಕಟ್ಟಿಸಿದ ಮಹಾರಾಜರ, ದಿವಾನರ ಹೆಸರು ಹೋದಲ್ಲೆಲ್ಲ ಕೇಳಿದೆವು. ಗಾರೆ ಹೊತ್ತವರ ಒಂದು ಹೆಸರೂ ಯಾರ ಬಾಯಲ್ಲೂ ಬರಲಿಲ್ಲ.

ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿ. ಮಂಡ್ಯದ ಖಜಾನೆಯಿಂದ ಪೊಲೀಸರ ಕಾವಲಿನಲ್ಲಿ ಕಿರೀಟ ಬರುತ್ತದೆ. ಅದರ ಮೇಲೆ ಬಿಸಿಲು ಬೀಳಬಾರದಂತೆ, ಅದಕ್ಕೆ ಉತ್ಸವ ರಾತ್ರಿ. ಜನವೋ ಜನ. ನಾವು ಕಲ್ಯಾಣಿಯ ಮೆಟ್ಟಿಲ ಮೇಲೆ ಪುಳಿಯೋಗರೆ ತಿನ್ನುತ್ತ ಕೂತೆವು. ಪಕ್ಕದಲ್ಲಿದ್ದ ಮೇಷ್ಟರೊಬ್ಬರು ರಾಮಾನುಜರ ಕಥೆ ಹೇಳಿದರು. ದಿಲ್ಲಿಗೆ ಹೋಗಿದ್ದ ಚೆಲುವಪಿಳ್ಳೆಯ ವಿಗ್ರಹ ತರುವಾಗ ಕಷ್ಟಕ್ಕೆ ಆದವರು ಹೊಲೆಯರಂತೆ. ಅದಕ್ಕೆ ಆಚಾರ್ಯರು ಅವರನ್ನು ತಿರುಕುಲದವರು ಅಂತ ಕರೆದು ಗುಡಿಯೊಳಗೆ ಬಿಟ್ಟರಂತೆ. 'ಎಂಥ ಕ್ರಾಂತಿ ನೋಡಿ!' ಅಂದರು ಮೇಷ್ಟರು. ಬಿಟ್ಟದ್ದು ವರ್ಷಕ್ಕೆ ಎಷ್ಟು ದಿನ ಸಾರ್ ಅಂತ ಕೇಳಿದೆವು. ಮೂರು ದಿನ. ಉಳಿದ ಮುನ್ನೂರ ಅರವತ್ತೆರಡು ದಿನದ ಕಥೆ ಅವರ ಹತ್ತಿರ ಇರಲಿಲ್ಲ. ಎಲ್ಲ ದಿನಕ್ಕೂ ಬಾಗಿಲು ತೆರೆದದ್ದು ಕಾನೂನು.  ಅದಕ್ಕೆ ಉತ್ಸವ ಇಲ್ಲ, ಕಿರೀಟವೂ ಇಲ್ಲ. ಆದರೂ ಆ ರಾತ್ರಿಯ ಪಂಜಿನ ಬೆಳಕು ಚೆಂದವಿತ್ತು. ಇಬ್ಬರೂ ಬೆಳಗಿನ ಜಾವದವರೆಗೆ ಕೂತು ನೋಡಿದೆವು.

ಏಪ್ರಿಲ್‌ನ ಎರಡನೇ ಶನಿವಾರ ಬ್ಯಾಂಕಿಗೆ ರಜೆ, ಆಸ್ಪತ್ರೆಯಲ್ಲೂ ವಾರದ ರಜೆ ಹೊಂದಿಸಿಕೊಂಡದ್ದಾಗಿತ್ತು. ಬೇರೆಯವರು ಊಟಿಗೆ ಹೋಗ್ತಿದ್ದರು. 'ನಡೀರಿ, ಬದನವಾಳಿಗೆ ಹೋಗಮು' ಅಂತ ನಾವು ಅಶೋಕಪುರಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ನಂಜನಗೂಡಿನಲ್ಲಿ ಇಳಿದು ಬಸ್ಸು ಹಿಡಿದೆವು.

ಆ ಹೆಸರು ನಮ್ಮ ಕಡೆಯ ಸಂಘದ ಸಭೆಗಳಲ್ಲಿ ಕೇಳಿದ್ದು. ಸಿದ್ದೇಶ್ವರನ ಗುಡಿಯೊಳಗೆ ಕಾಲಿಡುವ ಹಕ್ಕು ಕೇಳಿದ್ದಕ್ಕೆ ಹೊತ್ತಿದ ಜಗಳದಲ್ಲಿ, 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಅದೂ ಇಂಥದೇ ಚಿಗುರಿನ ಕಾಲ. ಅಂದಿನಿಂದ ಲಿಂಗಾಯತರ ಬೀದಿಗೂ ದಲಿತರ ಕೇರಿಗೂ ನಡುವಿನ ದಾರಿಯೇ ಮುಚ್ಚಿತು. ಇಪ್ಪತ್ತೊಂಬತ್ತು ವರ್ಷ! ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟ ಕಲ್ಯಾಣ ನಮ್ಮೂರಿಂದ ಬಸ್ಸಿಗೆ ಎರಡು ತಾಸು. ಬಸವಣ್ಣನ ಹೆಸರು ಇಲ್ಲಿಯವರೆಗೆ ಬಂದಿದೆ. ಆ ಮದುವೆಯ ಸುದ್ದಿ ದಾರಿಯಲ್ಲೇ ಎಲ್ಲೋ ಇಳಿದುಬಿಟ್ಟಿದೆ.

2022ರ ಅಕ್ಟೋಬರ್ 2ರಂದು ಪಾದಯಾತ್ರೆಯಲ್ಲಿ ರಾಹುಲ್ ಗಾಂಧಿ ಇಲ್ಲಿಗೆ ಬಂದಾಗ ಎರಡೂ ಬೀದಿಯವರು ಒಟ್ಟಿಗೆ ಕೂತು ಉಂಡರು, ದಾರಿ ತೆರೆಯಿತು. ಅಷ್ಟು ದೊಡ್ಡ ಮನುಷ್ಯ ದಿಲ್ಲಿಯಿಂದ ಬರಬೇಕಾಯಿತು ಒಂದು ಓಣಿ ತೆರೆಯಲು. ನಾವು ಆ ದಾರಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆವು. ಒಂದು ಬೀಡಿ ಸೇದಿ ಮುಗಿಸುವಷ್ಟೂ ದೂರವಿಲ್ಲ. ಜಗಲಿಯ ಮೇಲಿದ್ದವರು ನೋಡಿದರು, ಮಾತಾಡಿಸಲಿಲ್ಲ.

ಗಾಂಧಿ ಬಂದುಹೋದ ಖಾದಿ ಕೇಂದ್ರ ಇದೇ ಊರಿನದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿನ ಸತ್ಯಾಗ್ರಹ ನಡೆಸಿದ್ದೂ ಇಲ್ಲೇ. ಹಳೆಯ ಹೆಂಚಿನ ಕಟ್ಟಡಗಳು, ಹುಲ್ಲು ಬೆಳೆದ ಅಂಗಳ. ಒಳಗೆ ನೂಲುತ್ತಿದ್ದ ಹೆಂಗಸರಲ್ಲಿ ವಯಸ್ಸಾದವರೊಬ್ಬರು ತಲೆ ಎತ್ತಿದರು. 'ಯಾವ್ ಕಡೆಯೋರವ್ವಾ?'

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಹನ್ನೊಂದು ಬಾಗಿಲುಗಳ ಮುಂದೆ ಕೇಳಿದ ಪ್ರಶ್ನೆ. ನಾಲಿಗೆ ಏಳಲಿಲ್ಲ.

'ಮಾತು ಬ್ಯಾರೆ ಥರ ಅದಲ್ಲ, ಅದ್ಕೆ ಕೇಳ್ದಿ' ಅಂದರು ಅವರು. 'ಕಲಬುರಗಿಯವ್ರು ಯವ್ವಾ' ಅಂದೆವು. 'ಅಷ್ಟು ದೂರ್ದಿಂದ ಬಂದು ಇಲ್ಲೇನವ್ವ ನೋಡೀರಿ?' 'ಆ ದಾರಿ ನೋಡಾಕ ಬಂದೀವ್ರಿ.' ಅವರು ನೂಲು ಕಡಿದದ್ದನ್ನು ಸೇರಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ದಾರಿ ಏನೋ ಬುಟ್ರು ಕನವ್ವ. ಕಾಲ್ಗೆ ರೂಢಿ ಆಗ್ಬೇಕು.' ಆಮೇಲೆ ನಮ್ಮ ಕಡೆ ಏನು ಬೆಳೀತಾರೆ, ರೊಟ್ಟಿ ಹೇಗೆ ತಟ್ಟುತಾರೆ, ಮಕ್ಕಳೆಷ್ಟು ಅಂತೆಲ್ಲ ಕೇಳಿದರು. ರಾಟೆಯ ಮುಂದೆ ಕೂರಿಸಿ ತಿರುಗಿಸಲು ಬಿಟ್ಟರು. ನಮ್ಮ ಕೈಗೆ ನೂಲು ಮೂರು ಸಲ ಕಡಿಯಿತು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಒಂದು ಟವೆಲ್ ಕೊಂಡು ಹೊರಟೆವು.

ಸಂಜೆ ಮನೆಯ ಬೀಗ ತೆಗೆಯುವಾಗ ಪಕ್ಕದ ಮನೆಯ ತಾತ ಕಟ್ಟೆಯ ಮೇಲೆ ಕೂತಿದ್ದರು. 'ಎಲ್ಲಿಗೋಗಿದ್ರಿ, ಜೋಡಿಮೇಲೆ?' ಬದನವಾಳು ಅಂದೆವು. ತಾತ ಟವೆಲ್ ಈಸಿಕೊಂಡು ಬೆರಳಲ್ಲಿ ಉಜ್ಜಿ ನೋಡಿದರು. 'ಆವತ್ತು ನಾವೂ ಲಾರೀಲಿ ತುಂಬ್ಕಂಡು ಹೋಗಿದ್ದೋ. ಆಮೇಲೆ ಆ ಕಡೀಕೆ ಕಾಲೇ ಇಟ್ಟಿಲ್ಲ' ಅಂದರು. ಟವೆಲ್ ಮಡಿಸಿ ವಾಪಸು ಕೊಟ್ಟರು. ಇನ್ನೊಂದು ಸಾರಿ ಹೋಗೋದಿದ್ರೆ ಹೇಳಿ ಅಂದರು. ಆಸ್ಪತ್ರೆಯ ನೈಟ್ ಡ್ಯೂಟಿ ಮುಂದಿನ ತಿಂಗಳು ಮುಗಿಯುತ್ತದೆ. ಮೂರು ಟಿಕೆಟು ತೆಗೆಯಬೇಕು.