ಉಪ್ಪು ತಿಂದ ನೆಲ

ರಾಯಚೂರು ಸೀಮೆಯ ಬಿಸಿಲನ್ನು ಬಲ್ಲವರಿಗೆ ಅದನ್ನು ವರ್ಣಿಸುವುದು ವ್ಯರ್ಥ. ಅರಿಯದವರಿಗೆ ವರ್ಣಿಸಿದರೆ ಅವರು ನಂಬಲಾರರು. ಬಂಡೆಗಳೇ ಬಾಯಾರಿದಂತೆ ಕಾಣುವ ಆ ವೈಶಾಖದಲ್ಲಿ, ಚಂದ್ರಬಂಡದ ಒಂದು ಮನೆಯ ಹಿರಿಯಾಕೆ ಈಳಿಗೆಮಣೆಯ ಮುಂದೆ ಕುಳಿತು ಮಾವಿನಕಾಯಿಯನ್ನು ಹೋಳು ಮಾಡಿ, ಉಪ್ಪು ಬೆರೆಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾಳೆ. ಒಂದು ತೊಟ್ಟು ನೀರೂ ಸೋಕಬಾರದೆಂದು ಸೊಸೆಯರಿಗೆ ಕಟ್ಟಪ್ಪಣೆ. ಆದರೂ ಮೂರನೆಯ ದಿನ ಬಟ್ಟೆ ಬಿಚ್ಚಿ ನೋಡಿದರೆ ಹೋಳುಗಳು ನೀರಿನಲ್ಲಿ ತೇಲುತ್ತಿರುತ್ತವೆ. ಆ ನೀರನ್ನು ಸುರಿದವರು ಯಾರು?

ಕಾಲೇಜಿನಲ್ಲಿ ಜೀವಶಾಸ್ತ್ರ ಓದುವ ಮೊಮ್ಮಗ, "ಇದಕ್ಕ ಅಭಿಸರಣೆ ಅಂತಾರ, ಅಜ್ಜಿ" ಎಂದ.

"ಹೆಸರಿಟ್ಟರ ತಿಳದಂಗಾತೇನಪಾ?" ಎಂದಳು ಮುದುಕಿ.

ಪ್ರಶ್ನೆ ನ್ಯಾಯವಾದುದೇ. ಹುಡುಗ ಪುಸ್ತಕ ಮುಚ್ಚಿಟ್ಟು ಬಾಯಿಮಾತಿನಲ್ಲಿ ಹೇಳಬೇಕಾಯಿತು. ಮಾವಿನ ಹೋಳೆಂದರೆ ಕಣ್ಣಿಗೆ ಕಾಣದ ಲಕ್ಷಾಂತರ ಕೋಣೆಗಳು. ಒಂದೊಂದು ಕೋಣೆಗೂ ಒಂದು ಪೊರೆ. ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ತೆಳುವಾದ, ಎರಡು ಪದರದ ಜಿಡ್ಡಿನ ಪೊರೆ. ನೀರು ಅದನ್ನು ದಾಟಬಲ್ಲುದು. ಉಪ್ಪು ಸುಲಭವಾಗಿ ದಾಟಲಾರದು. ಹೊರಗೆ ಉಪ್ಪು ಹೆಚ್ಚಿದಾಗ ಒಳಗಿನ ನೀರು ಅತ್ತ ಹರಿಯುತ್ತದೆ. ಹೋಳು ಸುಕ್ಕುತ್ತದೆ, ಕೋಣೆ ಸಾಯುತ್ತದೆ. ಸತ್ತ ಮೇಲೆ ಪೊರೆಯ ಕಾವಲು ತಪ್ಪಿ ಉಪ್ಪೂ ಖಾರವೂ ಒಳಹೊಕ್ಕು ಮನೆ ಮಾಡಿಕೊಳ್ಳುತ್ತವೆ. ಉಪ್ಪಿನಕಾಯಿಯನ್ನು ಕೆಡಿಸಬಂದ ಸೂಕ್ಷ್ಮಜೀವಿಗೂ ಅದೇ ಗತಿ. ಅದರ ಮೈಯ ನೀರೂ ಉಪ್ಪಿನ ಪಾಲು. ಭರಣಿ ವರ್ಷವಿಡೀ ಕೆಡದಿರುವುದು ಹೀಗೆ.

ಆ ದಿನ ಮಧ್ಯಾಹ್ನವೇ ಮಾನ್ವಿ ಕಡೆಯಿಂದ ಮುದುಕಿಯ ತಮ್ಮ ಬಂದಿಳಿದ. ಮುಖ ಬಾಡಿತ್ತು. ಆತನಿಗೆ ಬೆಲ್ಲದ ಪಾನಕ ಬಂತು, ಚಿಟಿಕೆ ಉಪ್ಪು ಸೇರಿಸಿ. ಆ ಚಿಟಿಕೆ ಉಪ್ಪಿನ ಮಹಿಮೆ ಸಣ್ಣದಲ್ಲ: ಕರುಳಿನ ಕೋಶಗಳಲ್ಲಿ ಸಕ್ಕರೆಯೂ ಸೋಡಿಯಮ್ಮೂ ಜೊತೆಯಾಗಿ ಬಂದರೆ ತೆರೆಯುವ ಬಾಗಿಲೊಂದಿದೆ, ಅವುಗಳ ಹಿಂದೆ ನೀರೂ ಒಳಸೇರುತ್ತದೆ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು–ಸಕ್ಕರೆಯ ನೀರನ್ನೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು.

ಪಾನಕ ಕುಡಿದು ಸುಧಾರಿಸಿಕೊಂಡ ಮೇಲೆ ತಮ್ಮ ಬಂದ ಕಾರಣ ಹೇಳಿದ. ಕಾಲುವೆ ಕೆಳಗಿನ ನಾಲ್ಕೆಕರೆಯನ್ನು ಕೊಟ್ಟುಬಿಡುವುದೆಂದು ನಿಶ್ಚಯಿಸಿದ್ದ. "ನೀರಾಗ ನಿಂತರೂ ಬೆಳಿ ಬಾಡತೈತಿ, ಅಕ್ಕಾ. ಸವಳು ಎದ್ದೈತಿ. ಮುಂಜಾನೆ ನೋಡಿದರ ಹೊಲದ ಮ್ಯಾಲ ಬೆಳ್ಳಗ ಸುಣ್ಣ ಚೆಲ್ಲಿದಂಗ."

ಅಕ್ಕ ಮಾತಾಡಲಿಲ್ಲ. ಅದು ಅವಳ ತಂದೆ ಉತ್ತ ನೆಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆಯ ಕಾಲುವೆ ಇತ್ತ ಹರಿದುಬಂದ ಕಾಲದಲ್ಲಿ ಈ ಸೀಮೆ ಕಂಡ ಹಿಗ್ಗನ್ನು ಏನೆಂದು ಹೇಳುವುದು! ಜೋಳ, ಹತ್ತಿಗಳ ಎರೆನೆಲ ಭತ್ತದ ಗದ್ದೆಯಾಯಿತು. ಮಿತವಾಗಿ ನೀರುಣಿಸಬೇಕಿದ್ದ ಭೂಮಿಗೆ ಹೊಟ್ಟೆ ಬಿರಿಯುವಷ್ಟು ಉಣಿಸಿದರು. ಬಸಿದು ಹೋಗಲು ದಾರಿಯಿಲ್ಲದ ನೀರು ನೆಲದಡಿಯಲ್ಲಿ ಏರುತ್ತ ಬಂತು. ತನ್ನೊಡನೆ ಮಣ್ಣಿನಾಳದ ಲವಣವನ್ನೂ ಮೇಲೆತ್ತಿತು. ಬಿಸಿಲು ನೀರನ್ನು ಕುಡಿದು ಉಪ್ಪನ್ನು ಉಗುಳಿತು. ಆಸೆಗೆ ಬಿದ್ದವರನ್ನು ಹಳಿಯುವುದು ಸುಲಭ. ತಲೆತಲಾಂತರ ಮುಗಿಲು ನೋಡಿ ಬದುಕಿದವರ ಮುಂದೆ ಕಾಲುವೆ ಹರಿದಾಗ ಮಿತದ ಮಾತು ಯಾರ ಕಿವಿಗೆ ಬೀಳುತ್ತದೆ?

ಮೊಮ್ಮಗ ಭರಣಿಯತ್ತ ಕೈ ತೋರಿಸಿದ. ಹೊಲವೇ ಭರಣಿ, ಬೇರೇ ಹೋಳು. ಸಾಮಾನ್ಯವಾಗಿ ಬೇರಿನ ಕೋಶದೊಳಗೆ ಲವಣಾಂಶ ಹೆಚ್ಚು, ಮಣ್ಣಿನ ನೀರಿನಲ್ಲಿ ಕಡಿಮೆ. ಆದುದರಿಂದ ನೀರು ತಾನಾಗಿ ಬೇರಿಗೇರುತ್ತದೆ. ಸವಳು ಹೆಚ್ಚಿದಂತೆಲ್ಲ ಈ ಏರಿಕೆ ಕುಗ್ಗುತ್ತದೆ, ಮಿತಿ ಮೀರಿದರೆ ತಿರುಗಿ ಬೀಳುತ್ತದೆ. ಪೈರು ನೀರಿನ ನಡುವೆ ನಿಂತು ನೀರಡಿಸುತ್ತದೆ.

"ಹಂಗಾದರ ಪೊರೆ ಸುಮ್ಮನ ಕುಂತಿರತೈತೇನು?" ಎಂದು ತಮ್ಮ ಕೇಳಿದ. ರೈತನ ಪ್ರಶ್ನೆಗಳು ಎಷ್ಟೋ ವೇಳೆ ಪರೀಕ್ಷಕರ ಪ್ರಶ್ನೆಗಳಿಗಿಂತ ಆಳವಾಗಿರುತ್ತವೆ. ಪೊರೆ ಸುಮ್ಮನಿರುವುದಿಲ್ಲ. ರಾಯಚೂರಿನ ಕೋಟೆಗೆ ನವರಂಗಿ ದರವಾಜ, ಕಾಟಿ ದರವಾಜ, ಮೆಕ್ಕಾ ದರವಾಜ ಎಂದು ಬೇರೆ ಬೇರೆ ಬಾಗಿಲುಗಳಿದ್ದಂತೆ ಪೊರೆಗೂ ಬಾಗಿಲುಗಳುಂಟು. ನೀರಿಗೆಂದೇ ಇರುವ ಬಾಗಿಲನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ನೊಬೆಲ್ ಬಹುಮಾನ ಬಂತು. ಕೆಲವು ಬಾಗಿಲುಗಳಲ್ಲಿ ದಬ್ಬುವ ಕಾವಲುಗಾರರೂ ಇದ್ದಾರೆ. ಪ್ರಾಣಿಕೋಶಗಳಲ್ಲಿ ಮೂರು ಸೋಡಿಯಂ ಕಣಗಳನ್ನು ಹೊರನೂಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆಳೆಯುವ ಪಂಪನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೂ 1957ರಲ್ಲಿ ಪತ್ತೆ ಮಾಡಿದರು. ಸಸ್ಯಗಳ ಪಂಪು ಬೇರೆ ಬಗೆಯದು. ಅವೂ ಉಪ್ಪನ್ನು ಹೊರದಬ್ಬುತ್ತವೆ. ಆದರೆ ದಬ್ಬುವುದಕ್ಕೆ ಶಕ್ತಿ ಬೇಕು. ತೆನೆಗೆ ಹೋಗಬೇಕಾದ ಬಲವೆಲ್ಲ ಕಾವಲಿಗೇ ತೀರಿದರೆ ಕಾಳು ಜೊಳ್ಳಾಗುತ್ತದೆ.

"ಮದ್ದು?"

ಮದ್ದು ಹೊಸದೇನಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಹೇಳುತ್ತ ಬಂದಿರುವುದೇ: ನೆಲದಡಿಯಲ್ಲಿ ತೂತಿನ ಕೊಳವೆ ಹೂಳಿ, ಒಳ್ಳೆಯ ನೀರು ಕಟ್ಟಿ, ಕರಗಿದ ಉಪ್ಪನ್ನು ಬಸಿದು ಹೊರಗೆ ಕಳಿಸುವುದು. ಮೊದಲು ಮಣ್ಣಿನ ಪರೀಕ್ಷೆಯಾಗಬೇಕು. ಖರ್ಚಿದೆ, ಕಾಲ ಹಿಡಿಯುತ್ತದೆ.

ತಮ್ಮ ಬಹಳ ಹೊತ್ತು ಸುಮ್ಮನೆ ಕುಳಿತ. ಬಸಿದ ನೀರು ಹಳ್ಳ ಸೇರಬೇಕಾದರೆ ಕೆಳಗಿನ ಹೊಲವನ್ನು ದಾಟಲೇಬೇಕು. ಆ ಹೊಲದವನಿಗೂ ಇವನಿಗೂ ಬದುವಿನ ವ್ಯಾಜ್ಯದಿಂದ ಎರಡು ವರ್ಷ ಮಾತಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಹೊರಟಾಗ ಅಕ್ಕ ಸಣ್ಣ ಭರಣಿಯೊಂದರಲ್ಲಿ ಉಪ್ಪಿನಕಾಯಿ ತುಂಬಿ ಚೀಲದಲ್ಲಿಟ್ಟಳು. ಹೊಸ್ತಿಲು ದಾಟಿದವನು ಮತ್ತೆ ಹಿಂದಿರುಗಿ ನಿಂತ.

"ಇನ್ನೊಂದು ಭರಣಿ ಇದ್ದರ ಕೊಡು, ಅಕ್ಕಾ. ಕೆಳಗಿನ ಹೊಲದವನ ಮನಿಗೂ ಒಂದಿಷ್ಟು ಆಗಲಿ."