ಮೂರು ವರ್ಷದ ಭಾನುವಾರಗಳು

ಭಾನುವಾರವೆಂದರೆ ಕೆಲವರಿಗೆ ಎಣ್ಣೆಸ್ನಾನ, ಕೆಲವರಿಗೆ ಮಧ್ಯಾಹ್ನದ ಗಡದ್ದು ನಿದ್ದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಫ್ರ್ಯಾಂಕ್ ನೆಲ್ಸನ್ ಕೋಲ್ ಅವರಿಗೆ ಮಾತ್ರ ಭಾನುವಾರವೆಂದರೆ ಒಂದು ಸಂಖ್ಯೆ: 14,75,73,95,25,89,67,64,12,927.

ಇಪ್ಪತ್ತೊಂದು ಅಂಕಿಗಳ ಈ ಸಂಖ್ಯೆಯ ಹುಟ್ಟು ಸರಳ. ಅರವತ್ತೇಳು 2ಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಿಂದ 1 ಕಳೆದರಾಯಿತು. ಇದು ಅವಿಭಾಜ್ಯ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದು ಎಂದು ಫ್ರಾನ್ಸಿನ ಸನ್ಯಾಸಿ ಮರ್ಸೆನ್ 1644ರಲ್ಲಿ ಹೇಳಿದ್ದರು. ದೊಡ್ಡವರ ಮಾತು, ಇನ್ನೂರು ವರ್ಷ ದಾಟಿದರೂ ಅಲ್ಲಗಳೆದವರಿಲ್ಲ. 1876ರಲ್ಲಿ ಲೂಕಾ ಎಂಬ ಗಣಿತಜ್ಞರು ಭಾಗಾಕಾರ ಮಾಡದೆಯೇ, ಬೇರೊಂದು ಪರೀಕ್ಷೆಯಿಂದ ಇದು ಅವಿಭಾಜ್ಯವಲ್ಲವೆಂದು ತೋರಿಸಿದರು. ಆದರೆ ಅಪವರ್ತನಗಳು ಯಾವುವು? ಅದು ಅವರಿಗೂ ಸಿಗಲಿಲ್ಲ. ಮನೆಯೊಳಗೆ ಕಳ್ಳನಿದ್ದಾನೆಂದು ಗೊತ್ತು, ಯಾವ ಕೋಣೆಯಲ್ಲೆಂದು ಗೊತ್ತಿಲ್ಲ ಎಂಬಂಥ ಸ್ಥಿತಿ.

ಹುಡುಕಲು ಒಂದು ಸುಳಿವುಂಟು. ಈ ಸಂಖ್ಯೆಯನ್ನು ಭಾಗಿಸುವ ಯಾವ ಅವಿಭಾಜ್ಯದಿಂದಲೇ ಆಗಲಿ 1 ಕಳೆದರೆ, ಉಳಿದದ್ದು 134ರಿಂದ ಭಾಗವಾಗಲೇಬೇಕು. ಆದರೂ ಸಾಲುಹಿಡಿದು ಹೊರಟರೆ ಮೊದಲ ಅಪವರ್ತನ ಕುಳಿತಿರುವುದು 14,45,580ನೆಯ ಜಾಗದಲ್ಲಿ! ಕೋಲ್ ಇನ್ನೂ ಸಣ್ಣ ಕಣ್ಣಿನ ಜರಡಿಗಳನ್ನು ಹಿಡಿದರು. ಕಂಪ್ಯೂಟರ್ ಇಲ್ಲದ ಕಾಲ. ಕಾಗದ, ಪೆನ್ಸಿಲ್, ತಾಳ್ಮೆ ಇಷ್ಟೇ ಬಂಡವಾಳ.

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ. ಗಣಿತ ಲೇಖಕ ಇ. ಟಿ. ಬೆಲ್ ಹೇಳುವ ಕಥೆಯಂತೆ, ಕೋಲ್ ಒಂದೂ ಮಾತಾಡದೆ ಹಲಗೆಯ ಒಂದು ಕಡೆ 2ರ 67ನೆಯ ಘಾತದಿಂದ 1 ಕಳೆದು ತೋರಿಸಿದರು. ಇನ್ನೊಂದು ಕಡೆ 19,37,07,721ನ್ನು 7,61,83,82,57,287ರಿಂದ ಗುಣಿಸಿದರು. ಎರಡೂ ಉತ್ತರ ಒಂದೇ! ಮೌನವಾಗಿಯೇ ಹೋಗಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಎಷ್ಟು ಕಾಲ ಹಿಡಿಯಿತೆಂದು ಮುಂದೊಮ್ಮೆ ಬೆಲ್ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂದರಂತೆ.

ಓದುಗರೂ ಪೆನ್ಸಿಲ್ ಹಿಡಿದು ತಾಳೆ ನೋಡಬಹುದು. ಗುಣಿಸಲು ಒಂದು ಗಂಟೆಯೂ ಬೇಡ. ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ. ಸಂಖ್ಯೆಗಳ ಈ ಸ್ವಭಾವವೇ ಮುಂದೆ ಅಂತರಜಾಲದ ಗುಟ್ಟುಗಳಿಗೆ ಬೀಗವಾಯಿತು. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಖಚಿತವಾಗಿ, ಶೀಘ್ರವಾಗಿ ತಿಳಿಯುವ ಕ್ರಮ ಕೊಟ್ಟರು. ಆದರೆ ಅದು ಅಪವರ್ತನಗಳನ್ನು ಹೇಳದು.

ಕೋಲ್ ಬಿಡಿಸಿದ ಸಂಖ್ಯೆಯನ್ನು ಇಂದಿನ ಕಂಪ್ಯೂಟರ್ ಕಣ್ಣುಮಿಟುಕಿಸುವಷ್ಟರಲ್ಲಿ ಬಿಡಿಸುತ್ತದೆ. ಹಾಗಾದರೆ ಆ ಭಾನುವಾರಗಳೆಲ್ಲ ವ್ಯರ್ಥವೇ? ಇನ್ನೂರೈವತ್ತು ವರ್ಷಗಳ ಒಂದು ತಪ್ಪನ್ನು ಯಾರೂ ಅಲ್ಲಗಳೆಯಲಾಗದಂತೆ ತಿದ್ದಲು ಅವರಿಗೆ ಒಂದು ಗುಣಾಕಾರ ಸಾಕಾಯಿತು. ಆ ಗುಣಾಕಾರದವರೆಗೆ ತಲುಪಲು ಅಷ್ಟೂ ಭಾನುವಾರಗಳು ಬೇಕಾದವು.